ಕೈಪಿಡಿಯಿಂದ ನಾನು ಬಿಟ್ಟ ನಿಯಮ

ಸಿರುಗುಪ್ಪದ ಆ ಸಣ್ಣ ನರ್ಸಿಂಗ್ ಹೋಮಿಗೆ ಕಂಪ್ಯೂಟರ್ ಬಂದ ದಿನ ನನ್ನ ತಂಗಿ ಅದರ ಎದುರು ಕೈಕಟ್ಟಿ ನಿಂತಿದ್ದಳು. ಹಸುಗೂಸುಗಳ ಕೋಣೆಯ ಹಿರಿಯ ನರ್ಸ್ ಅವಳು. ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಕೂಸಿನ ತೂಕ ಬರೆದು, ಗುಣಿಸಿ, ಇಂಜೆಕ್ಷನ್ ಎಷ್ಟು ಕೊಡಬೇಕೆಂದು ಲೆಕ್ಕ ತೆಗೆಯುವುದು ಅವಳ ವರ್ಷಗಳ ರೂಢಿ. ಇನ್ನು ಮುಂದೆ ತೂಕ ಒತ್ತಿದರೆ ಸಾಕು, ಉಳಿದದ್ದನ್ನು ಪರದೆಯೇ ಹೇಳುತ್ತದೆ ಎಂದು ನಾನು ಹೇಳಿಕೊಡುತ್ತಿದ್ದೆ.

"ಇದು ತಪ್ಪು ಹೇಳಿದ್ರ?" ಎಂದಳು.

"ಇದನ್ನ ನೂರಾರು ಮಂದಿ ಕಣ್ಣಿಟ್ಟು ನೋಡಿರ್ತಾರ. ನಿನ್ನ ಕ್ಯಾಲೆಂಡರ್ ಹಾಳಿ ಯಾರು ನೋಡ್ಯಾರ?"

ಅವಳು ನಕ್ಕಳು, ನಾನೂ ನಕ್ಕೆ. ಹೊರಗೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಕಿಟಕಿಯ ಜಾಲರಿಗೆ ಬಂದು ಕೂರುತ್ತಿತ್ತು. ಆ ನಗುವನ್ನು ಈಗ ನೆನೆಸಿಕೊಂಡರೆ ನನಗೆ ಹೆದರಿಕೆಯಾಗುತ್ತದೆ. ಅಷ್ಟು ಹಗುರವಾಗಿ ನಾನು ಅವಳ ಕೈಯಿಂದ ಆ ಹಾಳೆಯನ್ನು ಬಿಡಿಸಿದ್ದೆ.

ನಾನು ಕುರುಗೋಡಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ಮನೆ ಬಳ್ಳಾರಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಮಧ್ಯಾಹ್ನ ಬಿಸಿಲಿನಲ್ಲಿ ಬೆಂದು ವಾಪಸು ಬಂದು, ಚಹಾ ಕುಡಿದು ಲ್ಯಾಪ್‌ಟಾಪ್ ತೆರೆದರೆ ನನ್ನ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ಅದಕ್ಕೆ ಸಂಬಳವಿಲ್ಲ. ಸಣ್ಣ ಆಸ್ಪತ್ರೆಗಳಿಗೆಂದು ಹಲವು ದೇಶಗಳ ಜನ ಕೂಡಿ ಕಟ್ಟಿದ ಒಂದು ತಂತ್ರಾಂಶ ಅದು. ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಒಳಗನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದುಪಡಿ ಕಳಿಸಬಹುದು. ಇಬ್ಬರು ಪರಿಶೀಲಕರು ನೋಡಿ ಒಪ್ಪಿದರೆ ಆ ತಿದ್ದುಪಡಿ ಸೇರಿಕೊಂಡು, ಮುಂದಿನ ಆವೃತ್ತಿಯಲ್ಲಿ ಎಲ್ಲ ಆಸ್ಪತ್ರೆಗಳಿಗೂ ಹೋಗುತ್ತದೆ. ತಂಗಿಗೆ ಅನುಕೂಲವಾಗಲಿ ಎಂದು ನಾನು ಅದರ ಪರದೆಯ ಮಾತುಗಳನ್ನು ಕನ್ನಡಕ್ಕೆ ತರಲು ಹೋದವಳು, ಅಲ್ಲೇ ಉಳಿದೆ.

ಅಲ್ಲೊಬ್ಬ ವಯಸ್ಸಾದ ಪರಿಶೀಲಕರಿದ್ದರು. ಯಾವುದೋ ಚಳಿ ದೇಶದವರು. ಹಿಂದೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರೆಂದು ಕೇಳಿದ್ದೆ, ಮುಖ ಕಂಡಿರಲಿಲ್ಲ. ನನ್ನ ಮೊದಲ ಕನ್ನಡ ತಿದ್ದುಪಡಿಯನ್ನು ಅವರು ಮೂರು ಸಲ ವಾಪಸು ಕಳಿಸಿದರು. ಒಂದು ತಿದ್ದುಪಡಿಯಲ್ಲಿ ಒಂದೇ ವಿಷಯ ಇರಬೇಕಂತೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಹಲ್ಲು ಕಚ್ಚಿ ಮಾಡಿದೆ. ಅವರ ಇನ್ನೊಂದು ಪದ್ಧತಿ ಮಾತ್ರ ನನಗೆ ಕೊನೆಯವರೆಗೂ ಜೀರ್ಣವಾಗಲಿಲ್ಲ. ಔಷಧದ ಪ್ರಮಾಣ ಕಾಣಿಸುವ ಪರದೆಯಲ್ಲಿ ಏನೇ ಬದಲಾದರೂ, ಕಳಿಸಿದವರು ಕಾಗದದ ಮೇಲೆ ಕೈಯಾರೆ ಮೂರು ಲೆಕ್ಕ ಮಾಡಬೇಕು. ತೀರಾ ಚಿಕ್ಕ ಕೂಸಿನದೊಂದು, ಓಡಾಡುವ ಮಗುವಿನದೊಂದು, ದಪ್ಪ ದೊಡ್ಡವರದೊಂದು. ಅದೇ ತೂಕಗಳನ್ನು ಪರದೆಯಲ್ಲೂ ಒತ್ತಿ ಎರಡನ್ನೂ ಹೋಲಿಸಿ, ಕಾಗದದ ಫೋಟೋ ತೆಗೆದು ಹಾಕಬೇಕು. 'ಮಿಲಿಲೀಟರ್' ಎಂಬ ಒಂದು ಪದವನ್ನು ಕನ್ನಡದಲ್ಲಿ ಬರೆದದ್ದಕ್ಕೂ ನನ್ನಿಂದ ಈ ಲೆಕ್ಕ ಮಾಡಿಸಿದ್ದರು. ಭೌತಶಾಸ್ತ್ರದ ಮೇಷ್ಟ್ರಿಗೆ ಗುಣಾಕಾರದ ಪರೀಕ್ಷೆ! ಆ ಕಾಗದವನ್ನು ಎಷ್ಟು ಸಿಟ್ಟಿನಿಂದ ಬರೆದಿದ್ದೆನೆಂದರೆ ಪೆನ್ನಿನ ತುದಿ ಹಾಳೆಯನ್ನು ತೂತು ಮಾಡಿತ್ತು.

ಒಂದು ಬೇಸಿಗೆ ರಜೆಯಲ್ಲಿ ಯೋಜನೆಯ ಸಂಯೋಜಕಿ ನನಗೆ ಪತ್ರ ಬರೆದರು. ಹೊಸಬರು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದಾರೆ. ಇಲ್ಲಿನ ರೀತಿನೀತಿಗಳೆಲ್ಲ ಹಳಬರ ತಲೆಯಲ್ಲಿವೆ. ಅವನ್ನು ಇಳಿಸಿ, ತಿದ್ದುಪಡಿ ಕಳಿಸುವವರಿಗೆ ಒಂದು ಕೈಪಿಡಿ ಬರೆದುಕೊಡುತ್ತೀರಾ? ನಾನು ಉಬ್ಬಿಹೋದೆ. ಫ್ಯಾನಿನ ಕೆಳಗೆ ಒದ್ದೆ ಟವೆಲ್ ಹೊದ್ದು ಕೂತು, ವರ್ಷಗಳ ಹಳೆಯ ಚರ್ಚೆಗಳನ್ನು ಓದಿದೆ. ತಿದ್ದುಪಡಿಗೆ ಹೆಸರಿಡುವುದು ಹೇಗೆ, ಏನು ಬದಲಾಯಿಸಿದೆ ಎನ್ನುವುದಕ್ಕಿಂತ ಯಾಕೆ ಬದಲಾಯಿಸಿದೆ ಎಂದು ಯಾಕೆ ಬರೆಯಬೇಕು, ತನ್ನದನ್ನು ತಾನೇ ಯಾಕೆ ಒಪ್ಪಬಾರದು, ಹೊಸಬರ ಪ್ರಶ್ನೆಗೆ 'ಇದು ಸುಲಭ' ಎಂದು ಯಾಕೆ ಉತ್ತರಿಸಬಾರದು. ಯಾರೂ ಎಲ್ಲೂ ಬರೆದಿರದ, ಆದರೆ ಎಲ್ಲರೂ ಪಾಲಿಸುತ್ತಿದ್ದ ಇಂಥ ರೂಢಿಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ನಿಜ ಹೇಳುತ್ತೇನೆ, ಅಷ್ಟು ಸಂತೋಷ ಕೊಟ್ಟ ಕೆಲಸ ನಾನು ಬೇರೆ ಮಾಡಿಲ್ಲ.

ನಾನೊಂದು ಕಟ್ಟಳೆ ಹಾಕಿಕೊಂಡೆ. ಪ್ರತಿ ನಿಯಮದ ಪಕ್ಕದಲ್ಲಿ ಅದರ ಕಾರಣ ಒಂದೇ ವಾಕ್ಯದಲ್ಲಿ ಇರಬೇಕು. ಕಾರಣ ಹೇಳಲಾಗದ ರೂಢಿಗೆ ಕೈಪಿಡಿಯಲ್ಲಿ ಜಾಗವಿಲ್ಲ. ಸಂಯೋಜಕಿ ಇದನ್ನು ತುಂಬಾ ಮೆಚ್ಚಿದರು.

ಕಾಗದದ ಲೆಕ್ಕದ ಸರದಿ ಬಂತು. ಕಾರಣ ಏನೆಂದು ಹಳಬರನ್ನೆಲ್ಲ ಕೇಳಿದೆ. ಅದು ಅವರ ಅಭ್ಯಾಸ ಎಂದರು ಒಬ್ಬರು. ಈಗ ಲೆಕ್ಕ ಸರಿಯಿದೆಯೇ ಎಂದು ಕಂಪ್ಯೂಟರೇ ಪರೀಕ್ಷಿಸುತ್ತದೆ, ಕಾಗದ ಹಳೆಯ ಕಾಲದ್ದು ಎಂದರು ಇನ್ನೊಬ್ಬರು. ಕೊನೆಗೆ ಆ ಹಿರಿಯರನ್ನೇ ಕೇಳಿದೆ. "ಮಾಡುವುದು ಒಳ್ಳೆಯದು" ಎಂದು ಉತ್ತರ ಬಂತು. ಒಳ್ಳೆಯದು ಎನ್ನುವುದು ಕಾರಣವಲ್ಲ, ಒಂದು ವಾಕ್ಯ ಕೊಡಿ ಎಂದು ಬರೆದೆ. ನಾಲ್ಕು ದಿನ ಸುಮ್ಮನಿದ್ದರು. ಆಮೇಲೆ, "ಹಳೆಯ ಚರ್ಚೆಯೊಂದರಲ್ಲಿದೆ" ಎಂದಷ್ಟೇ ಬರೆದರು. ಯಾವ ಚರ್ಚೆ ಎಂದು ಹೇಳಲಿಲ್ಲ.

ಎರಡು ಸಂಜೆ ಹುಡುಕಿದೆ. ಸಿಗಲಿಲ್ಲ. ಮೂರನೆಯ ಸಂಜೆಯೂ ಹುಡುಕಬಹುದಿತ್ತು. ಹುಡುಕಲಿಲ್ಲ. ನನ್ನಿಂದ ಗುಣಾಕಾರ ಬರೆಸಿದ ಮನುಷ್ಯನಿಗೆ ಒಂದು ವಾಕ್ಯ ಬರೆಯಲು ಆಗುವುದಿಲ್ಲವೇ ಎಂಬ ಹಟ ನನ್ನದು. ಆ ರೂಢಿಯನ್ನು ಬಿಟ್ಟು ಕೈಪಿಡಿಯನ್ನು ಮುಗಿಸಿದೆ. ಬಿಟ್ಟಾಗ ನನಗೆ ಒಳಗೊಳಗೇ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಕೈಪಿಡಿಗೆ ಹೊಗಳಿಕೆಯೋ ಹೊಗಳಿಕೆ. ಹೊಸಬರು ಬರತೊಡಗಿದರು, ತಿದ್ದುಪಡಿಗಳು ಚಕಚಕ ಸೇರತೊಡಗಿದವು. ಕೆಲವು ವಾರಗಳ ನಂತರ ಆ ಹಿರಿಯರು, ಕಣ್ಣು ಸಾಲುತ್ತಿಲ್ಲ, ಇನ್ನು ಪರಿಶೀಲನೆ ಮಾಡಲಾರೆ ಎಂದು ಎರಡು ಸಾಲು ಬರೆದು ಹೊರಟರು. ಅವರ ಹೆಸರಿದ್ದ ಜಾಗದಲ್ಲಿ ಬೇರೆ ಹೆಸರು ಬಂತು. ಅವರಿಗೆ ವಿದಾಯ ಹೇಳಿ ಎಲ್ಲರೂ ಒಂದೊಂದು ಸಾಲು ಬರೆದರು. ನಾನು ಬರೆಯಲಿಲ್ಲ.

ಮಾಗಿಯ ಹೊತ್ತಿಗೆ ಒಂದು ತಿದ್ದುಪಡಿ ಬಂತು. ಮೊಬೈಲಿನ ಸಣ್ಣ ಪರದೆಯಲ್ಲಿ ತೂಕದ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ, ಆದ್ದರಿಂದ ದಶಮಾಂಶ ತೆಗೆದು ಪೂರ್ಣ ಸಂಖ್ಯೆ ತೋರಿಸೋಣ ಎಂಬುದು. ಹೆಸರು ಸರಿ, ಕಾರಣ ಸರಿ, ಒಂದೇ ವಿಷಯ. ನನ್ನ ಕೈಪಿಡಿಯನ್ನು ಎದುರಿಗಿಟ್ಟುಕೊಂಡೇ ಬರೆದ ಹಾಗಿತ್ತು. ಕಂಪ್ಯೂಟರಿನ ಪರೀಕ್ಷೆಗಳೂ ಪಾಸಾದವು. ಇಬ್ಬರು ಒಪ್ಪಿದರು. ಹೊಸ ಆವೃತ್ತಿಯ ಜೊತೆ ಹೋಗುವ ಸೂಚನೆಯನ್ನು ಕನ್ನಡಕ್ಕೆ ತಂದವಳು ನಾನೇ: 'ತೂಕವನ್ನು ಇನ್ನು ದಶಮಾಂಶವಿಲ್ಲದೆ ತೋರಿಸಲಾಗುವುದು. ಲೆಕ್ಕದಲ್ಲಿ ಬದಲಾವಣೆ ಇಲ್ಲ.'

ಹೊಸ ಆವೃತ್ತಿ ಬಂದ ಶುಕ್ರವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ತಂಗಿಯ ಸಂದೇಶ ಬಂತು. ಒಂದು ಕೆ.ಜಿ. ಆರು ನೂರು ಗ್ರಾಂ ಒತ್ತಿದರೆ ಪರದೆ ಎರಡು ಕೆ.ಜಿ. ಎಂದು ತೋರಿಸುತ್ತಿದೆ, ಇದೇನು? ಬರೀ ತೋರಿಸುವುದಷ್ಟೇ, ಒಳಗೆ ಲೆಕ್ಕ ಸರಿಯಾಗಿಯೇ ಇರುತ್ತದೆ, ಸೂಚನೆ ಓದು ಮಾರಾಯ್ತಿ ಎಂದು ಬರೆದೆ. ಅವಳು ಒಂದು ಕೈಮುಗಿಯುವ ಚಿತ್ರ ಕಳಿಸಿದಳು. ನಾನು ಕ್ಲಾಸಿಗೆ ಹೋದೆ.

ಭಾನುವಾರ ಊಟ ಮುಗಿಸಿ ಕೂತಿದ್ದೆ. ಯೋಜನೆಗೆ ಹೊಸದಾಗಿ ಸೇರಿದ ಒಬ್ಬ ಹೆಂಗಸು ನನಗೊಂದು ಪ್ರಶ್ನೆ ಕೇಳಿದ್ದರು. ಹಳೆಯ ತಿದ್ದುಪಡಿಗಳ ಕೆಳಗೆಲ್ಲ ಕಾಗದದ ಫೋಟೋಗಳಿವೆ. ನಿಮ್ಮ ಕೈಪಿಡಿಯಲ್ಲಿ ಇದರ ಮಾತೇ ಇಲ್ಲ. ನಾನೂ ಹಾಕಬೇಕೇ?

ಬೇಡ ಎಂದು ಬರೆಯಲು ಹೊರಟವಳು, ಏನೋ ಅನ್ನಿಸಿ, ಆ ಫೋಟೋಗಳ ಜಾಡು ಹಿಡಿದು ಹಿಂದೆ ಹಿಂದೆ ಹೋದೆ. ಎಲ್ಲಕ್ಕಿಂತ ಮೊದಲನೆಯ ಫೋಟೋ ಪರದೆಯ ಮೇಲಿನ ಒಂದು ಗುಂಡಿಯ ಬಣ್ಣದ ಚರ್ಚೆಯ ಕೆಳಗಿತ್ತು. ಹಸಿರೋ ನೀಲಿಯೋ ಎಂದು ಇಪ್ಪತ್ತು ಮಂದಿ ಜಗಳವಾಡಿದ ಚರ್ಚೆ. ಕೈಪಿಡಿ ಬರೆಯುವಾಗ ಶೀರ್ಷಿಕೆ ನೋಡಿಯೇ ನಾನು ಅದನ್ನು ದಾಟಿ ಹೋಗಿದ್ದೆ. ನಮ್ಮಲ್ಲಿ ಹಾಗೆಯೇ, ದೊಡ್ಡ ಮಾತುಗಳು ಇಂಥ ಜಾಗದಲ್ಲೇ ಬಿದ್ದಿರುತ್ತವೆ. ಜಗಳದ ನಡುವೆ ಯಾರೋ ಆ ಹಿರಿಯರನ್ನು, ಕಾಗದ ಯಾಕೆ ಎಂದು ಕೇಳಿದ್ದರು. ಅವರು ಬರೆದಿದ್ದರು: ಒಂದು ವಾರ್ಡಿನಲ್ಲಿ ಯಂತ್ರ ಒಂದು ಸಂಖ್ಯೆ ಹೇಳಿತು. ಸಂಖ್ಯೆ ಜಾಸ್ತಿ ಎಂದು ನನಗೆ ಅನ್ನಿಸಿತು. ಕಾಗದ ನನ್ನ ಕೈಯಳತೆಯಲ್ಲಿತ್ತು. ನಾನು ಬರೆದು ನೋಡಲಿಲ್ಲ. ಕೂಸು ತೀರಾ ಚಿಕ್ಕದು.

ಅಷ್ಟೇ. ಅದರ ಕೆಳಗೆ ಯಾರೂ ಏನೂ ಹೇಳಿರಲಿಲ್ಲ. ಮತ್ತೆ ಬಣ್ಣದ ಮಾತು ಮುಂದುವರಿದಿತ್ತು.

ಶುಕ್ರವಾರದ ಸಂದೇಶ ನೆನಪಾಯಿತು. ಒಂದು ಚೀಟಿ ಎಳೆದುಕೊಂಡು ಬರೆದೆ. ಕೆ.ಜಿ.ಗೆ ಐದು ಮಿಲಿಗ್ರಾಂ ಔಷಧ, ಒಂದು ಪಾಯಿಂಟ್ ಆರು ಕೆ.ಜಿ. ಕೂಸು, ಉತ್ತರ ಎಂಟು. ಹೊಸ ಆವೃತ್ತಿಯಲ್ಲಿ ಅದೇ ತೂಕ ಒತ್ತಿದೆ. ಪರದೆ ಹತ್ತು ಎಂದಿತು. ಇನ್ನೊಂದು ಸಲ ಒತ್ತಿದೆ. ಹತ್ತು. ತೋರಿಸಲೆಂದು ಪೂರ್ಣ ಮಾಡಿದ ಸಂಖ್ಯೆಯನ್ನೇ ಅದು ಲೆಕ್ಕಕ್ಕೂ ಎತ್ತಿಕೊಳ್ಳುತ್ತಿತ್ತು. ಪರೀಕ್ಷೆಗಳಲ್ಲಿ ಇದ್ದ ತೂಕಗಳೆಲ್ಲ ಹತ್ತು, ಇಪ್ಪತ್ತು, ಅರವತ್ತು. ಅವುಗಳಲ್ಲಿ ಕತ್ತರಿಸಲು ದಶಮಾಂಶವೇ ಇರಲಿಲ್ಲ. ಒಂದು ಚೀಟಿ, ಒಂದು ನಿಮಿಷ. ಇಷ್ಟನ್ನೇ ಅವರು ಎಲ್ಲರಿಂದ ಮಾಡಿಸುತ್ತಿದ್ದದ್ದು.

ತಂಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೂಸುಗಳ ಕೋಣೆಗೆ ಹೋಗುವಾಗ ಫೋನನ್ನು ಹೊರಗೆ ಕಪಾಟಿನಲ್ಲಿಡುತ್ತಾರೆ. ನರ್ಸಿಂಗ್ ಹೋಮಿನ ಫೋನಿಗೆ ಮಾಡಿದರೆ ಕೌಂಟರಿನವಳು, "ಸಿಸ್ಟರ್ ಒಳಗ ಅದಾರ್ರಿ, ಆಮ್ಯಾಲ ಮಾಡ್ರಿ" ಎಂದಳು. "ಇಂಜೆಕ್ಷನ್ ನಿಲ್ಸಾಕ ಹೇಳ್ರಿ ಅವರಿಗೆ" ಎಂದು ಕೂಗಿದೆ. "ನೀವು ಯಾವ ಪೇಷಂಟ್ ಕಡೆಯವ್ರು?" ಎಂದು ಕೇಳಿದಳು. ಅಷ್ಟರಲ್ಲಿ ಯಾರೋ ಅವಳನ್ನು ಕರೆದರು, ಫೋನ್ ಇಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಆ ಕೂಸಿನ ಇಂಜೆಕ್ಷನ್ ದಿನಕ್ಕೊಂದು ಸಲ, ನಾಲ್ಕು ಗಂಟೆಗೆ ಎಂದು ತಂಗಿ ಹೇಳಿದ್ದಳು. ಆಗ ಎರಡು ಗಂಟೆ. ಹೊರಗೆ ಬಂದು ಸಿರುಗುಪ್ಪದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಸಂಯೋಜಕಿಗೆ ಬರೆದೆ. ಅವರು ಕೂಡಲೇ ಆವೃತ್ತಿಯನ್ನು ಹಿಂತೆಗೆದರು. ಆದರೆ ಅಷ್ಟರಲ್ಲಿ ಇಳಿಸಿಕೊಂಡವರು ಎಷ್ಟು ಜನ, ಯಾವ ದೇಶದವರು, ಯಾರಿಗೂ ಗೊತ್ತಿಲ್ಲ. ಯಾರು ಬೇಕಾದರೂ ಕೇಳದೆ ಬಳಸಬಹುದು ಎಂಬುದೇ ನಮ್ಮ ಹೆಮ್ಮೆ. ಯಾವ ಊರಿನ ಯಾವ ಕೋಣೆಯಲ್ಲಿ ಯಾವ ಕೂಸಿನ ತೂಕವನ್ನು ಯಾರು ಒತ್ತುತ್ತಿದ್ದಾರೋ ಎಂದೇ ಯೋಚಿಸುತ್ತಿದ್ದೆ. ಕಿಟಕಿಯ ಹೊರಗೆ ಭತ್ತದ ಗದ್ದೆಗಳಲ್ಲಿ ನೀರು ನಿಂತು ಹೊಳೆಯುತ್ತಿತ್ತು, ಹೆಣ್ಣಾಳುಗಳು ಬಗ್ಗಿ ನಾಟಿ ಹಾಕುತ್ತಿದ್ದರು. ತೆಕ್ಕಲಕೋಟೆಯಲ್ಲಿ ಕಂಡಕ್ಟರ್ ಇಳಿದು, ಅಂಗಡಿಯವನ ಜೊತೆ ತೆಲುಗಿನಲ್ಲಿ ಹರಟುತ್ತ ಚಹಾ ಕುಡಿಯಲು ನಿಂತ. ನಾನು ಕಿಟಕಿಯಿಂದ ತಲೆ ಹೊರಹಾಕಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಅರ್ಧ ಲೋಟ ಬಿಟ್ಟು ಬಂದು, "ಯಾರಿಗರ ಸೀರಿಯಸ್ ಐತೇನ್ರಿ ಅಕ್ಕಾರ?" ಎಂದು ಮೆಲ್ಲಗೆ ಕೇಳಿದ. ನನಗೆ ಅಳು ಬಂತು.

ನಾನು ಕೋಣೆಯ ಗಾಜಿನ ಬಾಗಿಲು ತಳ್ಳಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ತಂಗಿ ಸಿರಿಂಜಿಗೆ ಔಷಧ ಎಳೆಯುತ್ತಿದ್ದಳು.

"ಚಪ್ಪಲಿ ಬಿಟ್ಟು ಬಾ!" ಎಂದು ಗದರಿದಳು.

"ಪರದೆ ನೋಡಿ ತಗೊಂಡಿಯೇನು?"

"ಹೌದು. ನೀನ ಹೇಳಿದ್ದಿಯಲ್ಲ."

"ಕೆಳಗಿಡು ಅದನ್ನ."

ನನ್ನ ಚೀಟಿಯನ್ನು ಅವಳಿಗೆ ಕೊಟ್ಟೆ. ಅವಳು ಓದಿದಳು. ಮತ್ತೆ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ನನ್ನ ಲೆಕ್ಕದ ಕೆಳಗೆ ತಾನೇ ಇನ್ನೊಂದು ಸಲ ಮಾಡಿದಳು.

"ಎರಡು ಆಗ್ಯಾವ," ಎಂದಳು. "ಮೊನ್ನಿ ಒಂದು, ನಿನ್ನಿ ಒಂದು."

ಕೂಸು ಕರೂರಿನದು. ಗದ್ದೆ ಕೆಲಸಕ್ಕೆ ಹೋಗುವ ಹೆಂಗಸಿನ ಚೊಚ್ಚಲ ಹೆಣ್ಣುಮಗು, ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ಸೋಂಕಿಗೆಂದು ಕೊಡುತ್ತಿದ್ದ ಆ ಔಷಧ ಹೆಚ್ಚಾದರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡಬಲ್ಲದು. ಡಾಕ್ಟರು ಬಂದು ನೋಡಿ, ರಕ್ತಪರೀಕ್ಷೆಗೆ ಬರೆದರು. ಎರಡು ಸಲ, ಕಾಲುಭಾಗ ಜಾಸ್ತಿ, ಸಾಮಾನ್ಯವಾಗಿ ಏನೂ ಆಗುವುದಿಲ್ಲ ಎಂದರು. ಆದರೂ ಮೂರು ತಿಂಗಳಿಗೆ ಕಿವಿಯ ಪರೀಕ್ಷೆ ಮಾಡಿಸಲೇಬೇಕು ಎಂದರು. ತಂಗಿ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಹೊರಡುವಾಗ, "ನನಗ ಅನ್ಸಿತ್ತು. ಕೇಳೂ ಕೇಳಿದೆ. ನಿನ್ನ ಮಾತು ನಂಬಿದೆ" ಎಂದಳು.

ಆ ವಾರವೇ ಕಾಗದದ ಲೆಕ್ಕದ ನಿಯಮವನ್ನು ಕೈಪಿಡಿಗೆ ಬರೆದೆ. ಕಾರಣದ ಜಾಗಕ್ಕೆ ಬಂದಾಗ ಕೈ ನಿಂತಿತು. ಆ ಹಿರಿಯರು ನಾಲ್ಕು ದಿನ ಯಾಕೆ ಸುಮ್ಮನಿದ್ದರೆಂದು ಆಗ ತಿಳಿಯಿತು. ಅವರ ಹಳೆಯ ವಿಳಾಸಕ್ಕೆ ಪತ್ರ ಬರೆದು, ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಕ್ಷಮಿಸಿದೆ ಎಂದಾಗಲಿ, ನಾನು ಮೊದಲೇ ಹೇಳಿರಲಿಲ್ಲವೇ ಎಂದಾಗಲಿ ಅವರು ಬರೆಯಲಿಲ್ಲ. "ಕೂಸಿನ ತೂಕ ಎಷ್ಟು? ಅದನ್ನೇ ಬರೆಯಿರಿ" ಎಂದರು. ಹಾಗೆಯೇ ಬರೆದೆ. ಒಂದು ಕೆ.ಜಿ. ಆರು ನೂರು ಗ್ರಾಂ ತೂಕದ ಕೂಸಿಗೆ ನಮ್ಮ ಪರದೆ ಎರಡು ಕೆ.ಜಿ.ಯ ಔಷಧ ಹೇಳಿತು.

ಕೂಸು ಮನೆಗೆ ಹೋದ ಮೇಲೆ ನಾನೂ ತಂಗಿಯೂ ಕರೂರಿಗೆ ಹೋದೆವು. ಡಾಕ್ಟರು ಕೂಸಿನ ಮನೆಯವರಿಗೆ, ಔಷಧ ಸ್ವಲ್ಪ ಜಾಸ್ತಿಯಾಗಿದೆ ಎಂದಷ್ಟೇ ಹೇಳಿದ್ದರು. ಕಟ್ಟೆಯ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ. ಕಂಪ್ಯೂಟರಿನ ತಪ್ಪು ಎನ್ನಲಿಲ್ಲ. ಮಾಡಬೇಕಾದ ಒಂದು ಕೆಲಸವನ್ನು ಬೇಡವೆಂದು ತೆಗೆದವಳು ನಾನು, ಸಂಶಯ ಬಂದು ಕೇಳಿದವಳ ಬಾಯಿ ಮುಚ್ಚಿಸಿದವಳೂ ನಾನೇ ಎಂದೆ. ಹೇಳುತ್ತ ಅತ್ತುಬಿಟ್ಟೆ. ಆ ತಾಯಿ ಅಳಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿ ಆಕೆ. ಕೂಸಿನ ತಲೆಯ ಮೇಲಿನ ಕುಲಾಯಿ ಸರಿಮಾಡುತ್ತ ನನ್ನನ್ನೇ ನೋಡಿದಳು.

"ನೀವು ಅಳೂದು ಬಿಡ್ರಿ. ಕೂಸಿಗೆ ಕೇಳ್ತೈತೋ ಇಲ್ಲೋ, ಅದು ಹೇಳ್ರಿ."

"ಮೂರು ತಿಂಗಳಾಗಬೇಕು. ಪರೀಕ್ಷೆ ಮಾಡಿದ ಮ್ಯಾಲ ಗೊತ್ತಾಗತೈತಿ."

"ಅಲ್ಲೀಮಟ ನಾ ಏನು ಮಾಡ್ಲಿ?"

"ಮಾತಾಡ್ತಿರು ಅದರ ಕೂಡ," ಎಂದಳು ತಂಗಿ.

ಆ ಮೂರು ತಿಂಗಳು ಹೇಗೆ ಕಳೆದವೆಂದು ಹೇಳಲಾರೆ. ಕ್ಲಾಸಿನಲ್ಲಿ ಶಬ್ದದ ಪಾಠ ಬಂದಾಗ ಬೇರೆಯವರಿಗೆ ಬಿಟ್ಟುಕೊಟ್ಟೆ. ಮನೆಯಲ್ಲಿ ಪಾತ್ರೆ ಬಿದ್ದು ಸದ್ದಾದರೆ, ಆ ಕೂಸು ಬೆಚ್ಚುತ್ತದೋ ಇಲ್ಲವೋ ಎಂದೇ ತಲೆಯಲ್ಲಿ. ಇತ್ತ ಆ ತಪ್ಪು ಆವೃತ್ತಿಯನ್ನು ಇನ್ನೂ ಬಳಸುತ್ತಿರುವವರು ಕೂಡಲೇ ಬದಲಾಯಿಸಿ ಎಂಬ ಎಚ್ಚರಿಕೆಯನ್ನು ನಾವು ಎಲ್ಲ ಭಾಷೆಗಳಲ್ಲೂ ಹಾಕಿದ್ದೆವು. ಎರಡು ಊರುಗಳಿಂದ ಉತ್ತರ ಬಂತು. ಉಳಿದವರು ಓದಿದರೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಪರೀಕ್ಷೆಯನ್ನು ಬಳ್ಳಾರಿಯಲ್ಲಿ ಮಾಡಿಸಿದೆವು. ಸದ್ದಿಲ್ಲದ ಕೋಣೆ. ಮಲಗಿದ್ದ ಕೂಸಿನ ಕಿವಿಗೆ ಸಣ್ಣ ತುದಿಯೊಂದನ್ನು ಇಟ್ಟರು. ಬಲಗಿವಿ ಸರಿಯಿದೆ ಎಂದರು. ಎಡಗಿವಿಗೆ ಇನ್ನೊಂದು ಸಲ, ಮತ್ತೊಂದು ಸಲ ಮಾಡಿದರು. ತಿಂಗಳು ಬಿಟ್ಟು ಬನ್ನಿ ಎಂದರು. ತಿಂಗಳು ಬಿಟ್ಟು ಹೋದಾಗಲೂ ಅದೇ. ಎಡಗಿವಿ ಉತ್ತರ ಕೊಡಲಿಲ್ಲ.

"ಆ ಔಷಧದಿಂದಲೇ ಆಗಿದ್ದೇ?" ಎಂದು ನಾನು ಕೇಳಿದೆ.

ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಇಷ್ಟು ಕಡಿಮೆ ತೂಕದಲ್ಲಿ ಹುಟ್ಟಿದ ಕೂಸುಗಳಿಗೆ ಔಷಧವಿಲ್ಲದೆಯೂ ಹೀಗಾಗುವುದುಂಟು. ಔಷಧದಿಂದಾದರೆ ಹೆಚ್ಚಾಗಿ ಎರಡೂ ಕಿವಿಗೆ ಆಗುತ್ತದೆ. ಆದರೆ ಅಲ್ಲವೆಂದೂ ಹೇಳಲಾರೆ, ಇದು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ನನಗೆ ಸಮಾಧಾನವಾಗಲಿ ಎಂದೇ ಹಾಗೆ ಹೇಳಿದರೇನೋ. ತಂಗಿ ಕಣ್ಣು ಮುಚ್ಚಿಕೊಂಡಳು. ಆ ಮಾತು ಹಿಡಿದುಕೊಂಡು ನಾನು ಪಾರಾಗಬಹುದು ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ತಾಯಿಗೆ ನಮ್ಮ ಈ ಮಾತುಗಳು ಬೇಕಿರಲಿಲ್ಲ. ಆಕೆ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿದಳು.

"ಹಂಗಾರ ಯಾವ ಕಡಿಂದ ಮಾತಾಡ್ಲಿ ಸಾರ್?"

ಡಾಕ್ಟರು ಬಲಗಡೆ ತೋರಿಸಿದರು. ಆಕೆ ಅಲ್ಲೇ ನಿಂತು ಕೂಸನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡು, ಬಾಯಿಯನ್ನು ಅದರ ಬಲಗಿವಿಯ ಹತ್ತಿರ ತಂದಳು. ನಾಲ್ಕು ತಿಂಗಳು ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು.